ಕ್ಯಾಪ್ಟನ್ ಅಂದರೆ ಅಪ್ಪಣೆ ಕೊಡುವವನಾ, ಎಲ್ಲರನ್ನೂ ಸಂಭಾಳಿಸುವವನಾ?

ಏರ್‌ಲೈನ್ ಪೈಲಟ್ ಟ್ರೈನಿಂಗಿನಲ್ಲಿ 'ಕಮಾಂಡ್' ಮುಖ್ಯವೋ 'ಮ್ಯಾನೇಜ್‌ಮೆಂಟ್' ಮುಖ್ಯವೋ ಅಂತ ಕೇಳಿದ್ದೀರಿ. ಎರಡೂ ಬೇಕು ಅಂದುಬಿಡುವುದು ಸುಲಭ. ಯಾವಾಗ ಯಾವುದು ಅನ್ನುವುದೇ ಕಷ್ಟ. ನಾನು ಅಲ್ಲೇ ಎಡವಿದ್ದು.

ಬಲಗಡೆಯ ಕೋ-ಪೈಲಟ್ ಸೀಟಿನಿಂದ ಎಡಗಡೆಯ ಕ್ಯಾಪ್ಟನ್ ಸೀಟಿಗೆ ಬರುವ ಟ್ರೈನಿಂಗ್ ನಡೆದಿತ್ತು. ಸಿಮ್ಯುಲೇಟರಿನಲ್ಲಿ ಹೈಡ್ರಾಲಿಕ್ ಕೈಕೊಟ್ಟಿತು. ಕೋ-ಪೈಲಟ್ ಏನನ್ನುತ್ತಾನೆ ಅಂತ ಕೇಳಿದೆ, ಚೆಕ್‌ಲಿಸ್ಟ್ ಓದಿಸಿದೆ, ಕ್ಯಾಬಿನ್ ಸಿಬ್ಬಂದಿಗೆ ವಿವರಿಸಿದೆ, ಕಂಪನಿಯವರ ಜೊತೆ ಮಾತಾಡಿದೆ. ಒಳಗೊಳಗೇ ಖುಷಿ ಬೇರೆ. ಹಿಂದೆ ಕೂತಿದ್ದ ಇನ್‌ಸ್ಟ್ರಕ್ಟರ್, "ಮೀಟಿಂಗ್ ಚೆನ್ನಾಗಿತ್ತು. ಇಂಧನ ಎಷ್ಟಿದೆ?" ಅಂದರು. ಗೇಜ್ ನೋಡದೆ ಹೇಳಲು ನನಗೆ ಆಗಲಿಲ್ಲ.

ಅವರು ನೆನಪಿಸಿದ್ದು 1978ರ ಡಿಸೆಂಬರ್ 28ರಂದು ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ನಡೆದ ಅಪಘಾತವನ್ನು. ಯುನೈಟೆಡ್ ಏರ್‌ಲೈನ್ಸ್‌ನ ಡಿಸಿ-8 ವಿಮಾನ. ಲ್ಯಾಂಡಿಂಗ್ ಗೇರಿನ ಚಿಂತೆಯಲ್ಲೇ ಸುಮಾರು ಒಂದು ಗಂಟೆ ಸುತ್ತು ಹೊಡೆದು, ಇಂಧನ ಮುಗಿದು ಬಿತ್ತು. 10 ಜನ ಸತ್ತರು. ಇಂಧನ ಕಡಿಮೆಯಾಗುತ್ತಿದೆ ಅಂತ ಜೊತೆಯವರು ಹೇಳಿದ್ದರು, ಆದರೆ ಒತ್ತಿ ಹೇಳಲಿಲ್ಲ. ಕ್ಯಾಪ್ಟನ್ ಮನಸ್ಸಿಗೂ ಅದು ಇಳಿಯಲಿಲ್ಲ. ಇಂಥ ಅಪಘಾತಗಳ ನಂತರ 1979ರಲ್ಲಿ ನಾಸಾ ಕಾರ್ಯಾಗಾರ ನಡೆಸಿತು. 1981ರಲ್ಲಿ ಯುನೈಟೆಡ್ ಸಿಆರ್‌ಎಂ (ಕ್ರೂ ರಿಸೋರ್ಸ್ ಮ್ಯಾನೇಜ್‌ಮೆಂಟ್, ಅಂದರೆ ಸಿಬ್ಬಂದಿ ಎಲ್ಲರೂ ಸೇರಿ ಕೆಲಸ ಮಾಡುವ ಬಗೆ) ತರಬೇತಿ ಶುರು ಮಾಡಿತು. ಕ್ಯಾಪ್ಟನ್ ಬೇರೆಯವರ ಮಾತು ಕೇಳಲಿ ಅಂತ ಹುಟ್ಟಿದ ತರಬೇತಿ ಅದು. ತಮಾಷೆ ನೋಡಿ, ನಾನು ಎಲ್ಲರ ಮಾತೂ ಕೇಳುತ್ತಾ ಕೇಳುತ್ತಾ ಅದೇ ಗುಂಡಿಗೆ ಬೀಳಲು ಹೊರಟಿದ್ದೆ!

ನನ್ನ ಪ್ರಕಾರ ಇದು ಸ್ವಭಾವದ ಪ್ರಶ್ನೆಯಲ್ಲ, ಸಮಯದ ಪ್ರಶ್ನೆ. ಟೇಕಾಫ್ ಓಟದಲ್ಲಿ ಎಂಜಿನ್ ಕೈಕೊಟ್ಟರೆ ಚರ್ಚೆ ಎಲ್ಲಿಯದು? ನಿಲ್ಲಿಸುವುದು ಅಂದರೆ ನಿಲ್ಲಿಸುವುದು, ಹಾರುವುದು ಅಂದರೆ ಹಾರುವುದು, ಅಷ್ಟೇ. ಸಮಯ ಇದ್ದರೆ ಕೇಳಬೇಕು. ಅದರಲ್ಲೂ ಮೊದಲು ಕಿರಿಯನನ್ನು ಕೇಳಬೇಕು. ನಿಮ್ಮ ಅಭಿಪ್ರಾಯ ಮೊದಲೇ ಹೇಳಿಬಿಟ್ಟರೆ ಅವನು ಸುಮ್ನೆ ತಲೆಯಾಡಿಸುತ್ತಾನೆ, ಅಲ್ವಾ? 2009ರಲ್ಲಿ ನ್ಯೂಯಾರ್ಕಿನ ಹಡ್ಸನ್ ನದಿಯ ಮೇಲೆ ವಿಮಾನ ಇಳಿಸಿದ ಕ್ಯಾಪ್ಟನ್ ಸಲ್ಲೆನ್‌ಬರ್ಗರ್, ಎಂಜಿನ್ ಕೈಕೊಟ್ಟ ತಕ್ಷಣ ಅದನ್ನು ತಮ್ಮ ಕೈಗೆ ತೆಗೆದುಕೊಂಡರು. ಆದರೂ ನೀರು ಮುಟ್ಟುವ ಮುಂಚೆ, ಏನಾದರೂ ಹೊಳೆಯುತ್ತಿದೆಯಾ ಅಂತ ಪಕ್ಕದ ಕೋ-ಪೈಲಟ್ ಸ್ಕೈಲ್ಸ್ ಅವರನ್ನು ಕೇಳಿದ್ದರು. ಎರಡೂ ಒಂದೇ ತಲೆಯಲ್ಲಿ, ಕೆಲವೇ ನಿಮಿಷಗಳ ಒಳಗೆ.

ಮುಂದಿನ ಸಲ ಸಿಮ್ಯುಲೇಟರಿನಲ್ಲಿ ನಾನು ಯಾರನ್ನೂ ಕೇಳುವ ಮುಂಚೆ ಒಂದು ಮಾತು ಹೇಳಿದೆ: "ಇಂಧನ ಇಷ್ಟಕ್ಕೆ ಬಂದಾಗ ಮಾತು ಬಂದ್, ಇಳಿಯುವುದೇ. ಆಗಲೂ ನಾನು ಮಾತಾಡುತ್ತಿದ್ದರೆ ತಡೆಯುವ ಕೆಲಸ ನಿನ್ನದು." ಕೋ-ಪೈಲಟ್ ಸರಿಯಾಗಿ ಆ ಹೊತ್ತಿಗೆ ನನ್ನ ಮಾತನ್ನು ಅರ್ಧಕ್ಕೇ ಕತ್ತರಿಸಿದ.