ತಾರಸಿಯ ಮಳೆನೀರಿಗೆ ಹಿತ್ತಲಿನಲ್ಲೊಂದು ಡ್ರಮ್ಮು

ಪ್ರಶ್ನೆ: ನಮ್ಮದು 30x40 ನಿವೇಶನದಲ್ಲಿರುವ ತಾರಸಿ ಮನೆ. ಹಿತ್ತಲಿನಲ್ಲಿ ಕರಿಬೇವು, ದಾಸವಾಳ, ದುಂಡುಮಲ್ಲಿಗೆ ಗಿಡಗಳೂ 25 ಕುಂಡಗಳೂ ಇವೆ. ಕೊಳವೆಬಾವಿಯ ನೀರು ಹಾಕಿ ಹಾಕಿ ಕುಂಡಗಳ ಮೇಲೆ ಬಿಳಿ ಪದರ ಕಟ್ಟಿದೆ, ಎಲೆಗಳ ತುದಿ ಸುಟ್ಟಂತಾಗುತ್ತಿದೆ. ಕಳೆದ ವರ್ಷ ತಾರಸಿಯ ಪೈಪಿನ ಕೆಳಗೆ 200 ಲೀಟರಿನ ನೀಲಿ ಡ್ರಮ್ಮನ್ನು ಇಟ್ಟೆವು. ಒಂದೇ ಮಳೆಗೆ ತುಂಬಿ ಹರಿದು ಗೋಡೆಯ ಬುಡದ ಮಣ್ಣು ಕೊಚ್ಚಿಹೋಯಿತು. ಡ್ರಮ್ಮಿನಲ್ಲಿ ಉಳಿದ ನೀರು ಹಸಿರಾಗಿ ವಾಸನೆ ಬಂತು, ಸೊಳ್ಳೆಮರಿ ತುಂಬಿಕೊಂಡಿತು. ಬೇಸಿಗೆಯವರೆಗೂ ನೀರು ಉಳಿಯಬೇಕಾದರೆ ಎಷ್ಟು ದೊಡ್ಡ ಡ್ರಮ್ಮು ಬೇಕು? ಅದನ್ನು ಹೇಗೆ ಕೂರಿಸಬೇಕು?
– ಓದುಗರೊಬ್ಬರು, ಚಿತ್ರದುರ್ಗ

ಉತ್ತರ: ನಿಮ್ಮ ಪತ್ರದ ಕೊನೆಯ ಪ್ರಶ್ನೆಗಿಂತ ಮೊದಲು ಅದರ ಹಿಂದಿರುವ ಎಣಿಕೆಯನ್ನು ನೋಡೋಣ, ಏಕೆಂದರೆ ಬಹಳಷ್ಟು ಮನೆಗಳಲ್ಲಿ ಡ್ರಮ್ಮು ವ್ಯರ್ಥವಾಗುವುದು ಅದರಿಂದ ಆಗದ ಕೆಲಸವನ್ನು ಅದಕ್ಕೆ ವಹಿಸಿದಾಗ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರಾಗುತ್ತದೆ. ನಿಮ್ಮ ತಾರಸಿ ಸುಮಾರು 900 ಚದರ ಅಡಿ ಇದ್ದು, ಅದರ ಅರ್ಧ ನೀರು ಹಿಂಬದಿಯ ಪೈಪಿಗೆ ಬರುತ್ತದೆ ಎಂದಿಟ್ಟುಕೊಂಡರೆ ಆ ಪಾಲು 42 ಚದರ ಮೀಟರ್ ಆಗುತ್ತದೆ. ಹತ್ತು ಮಿಲಿಮೀಟರಿನ ಸಾಧಾರಣ ಮಳೆಗೆ, ಕಾಂಕ್ರೀಟು ಹೀರಿದ್ದು ಮತ್ತು ಸಿಡಿದುಹೋದದ್ದನ್ನು ಕಳೆದರೂ, ಅಲ್ಲಿಂದ 350 ಲೀಟರಿನಷ್ಟು ನೀರು ಇಳಿಯುತ್ತದೆ. 200 ಲೀಟರಿನ ಡ್ರಮ್ಮು ಒಂದೇ ಮಳೆಗೆ ತುಂಬಿ ಹರಿದದ್ದರಲ್ಲಿ ಆಶ್ಚರ್ಯವಿಲ್ಲ.

ಇನ್ನು ಖರ್ಚಿನ ಕಡೆ. ಕುಂಡವೊಂದಕ್ಕೆ ದಿನಕ್ಕೆ ಒಂದು ಲೀಟರ್, ನೆಲದ ಗಿಡಗಳಿಗೆ ಒಟ್ಟು ಹದಿನೈದು ಲೀಟರ್ ಎಂದರೆ ದಿನಕ್ಕೆ 40 ಲೀಟರ್ ಬೇಕು. ಜನವರಿಯಿಂದ ಮೇವರೆಗಿನ 150 ದಿನಗಳಿಗೆ 6,000 ಲೀಟರ್ ಆಯಿತು, ಅಂದರೆ 30 ಡ್ರಮ್ಮು. ಆದ್ದರಿಂದ ಬೇಸಿಗೆಗೆ ನೀರು ಕೂಡಿಡಬೇಕೆಂದರೆ ನೆಲದೊಳಗೆ ಸಂಪು ಕಟ್ಟಿಸಬೇಕೇ ಹೊರತು ಡ್ರಮ್ಮಿನಿಂದ ಅದು ಸಾಧ್ಯವಿಲ್ಲ. ಡ್ರಮ್ಮಿನ ಕೆಲಸವೇ ಬೇರೆ: ಏಪ್ರಿಲ್ ಕೊನೆಯ ಭರಣಿ ಮಳೆಯಿಂದ ಅಕ್ಟೋಬರಿನ ಚಿತ್ತೆ ಮಳೆಯವರೆಗೆ, ಒಂದು ಮಳೆಗೂ ಇನ್ನೊಂದು ಮಳೆಗೂ ನಡುವೆ ಸಿಗುವ ಐದಾರು ಒಣ ದಿನಗಳನ್ನು ದಾಟಿಸುವುದು. ನಮ್ಮ ಜಿಲ್ಲೆಯಲ್ಲಿ ವರ್ಷದ ಮಳೆಯ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ, ಅಂದರೆ ಉತ್ತರೆ, ಹಸ್ತ, ಚಿತ್ತೆಗಳಲ್ಲಿ ಬೀಳುತ್ತದೆ. ಆ ದಿನಗಳಲ್ಲಿ ಡ್ರಮ್ಮನ್ನು ಜೋಪಾನವಾಗಿ ತುಂಬಿಸಿಟ್ಟುಕೊಂಡವರಿಗಿಂತ ಮೋಡ ಕಂಡೊಡನೆ ಧಾರಾಳವಾಗಿ ಖಾಲಿ ಮಾಡಿದವರಿಗೆ ಹೆಚ್ಚು ನೀರು ಸಿಗುತ್ತದೆ. ನಿಮ್ಮ ಮನೆಗೆ 200 ಲೀಟರಿನ ಎರಡು ಡ್ರಮ್ಮು ಸಾಕು. ಎರಡರ ತಳವನ್ನೂ ಪೈಪಿನಿಂದ ಜೋಡಿಸಿದರೆ ನೀರು ಎರಡರಲ್ಲೂ ಒಂದೇ ಮಟ್ಟದಲ್ಲಿ ಏರುತ್ತದೆ, ಒಂದೇ ನಲ್ಲಿ ಎರಡಕ್ಕೂ ಆಗುತ್ತದೆ.

ಹಳೆಯ ಡ್ರಮ್ಮು ಕೊಳ್ಳುವಾಗ ಅದರಲ್ಲಿ ಮೊದಲು ಏನಿತ್ತು ಎಂಬುದನ್ನು ಕೇಳಿ ತಿಳಿದುಕೊಳ್ಳಿ. ಕೀಟನಾಶಕ ಅಥವಾ ರಾಸಾಯನಿಕ ತುಂಬಿದ್ದ ಡ್ರಮ್ಮು ಎಷ್ಟು ಅಗ್ಗಕ್ಕೆ ಸಿಕ್ಕರೂ ಬೇಡ. ಎಷ್ಟೇ ತೊಳೆದರೂ ಅದರ ಅಂಶ ಪ್ಲಾಸ್ಟಿಕ್ಕಿನಿಂದ ಪೂರ್ತಿ ಹೋಗುತ್ತದೆಂದು ನಂಬುವಂತಿಲ್ಲ.

ತುಂಬಿದ ಡ್ರಮ್ಮು 200 ಕಿಲೋಗಿಂತ ಹೆಚ್ಚು ಭಾರವಿರುತ್ತದೆ. ಮೆದು ಮಣ್ಣಿನ ಮೇಲೆ ಇಟ್ಟರೆ ಒಂದು ಮಗ್ಗುಲಿಗೆ ಕುಸಿಯುತ್ತದೆ. ಮರದ ಸ್ಟೂಲಿನ ಮೇಲೆ, ಅದರಲ್ಲೂ ಮಕ್ಕಳು ಓಡಾಡುವ ಮನೆಯಲ್ಲಿ, ಖಂಡಿತ ಇಡಬಾರದು. ನೆಲವನ್ನು ಗಟ್ಟಿಯಾಗಿ ದಮ್ಮಸ್ಸು ಮಾಡಿಸಿ, ಸೈಜುಗಲ್ಲಿನಿಂದ ಒಂದೂವರೆ ಅಡಿ ಕಟ್ಟೆ ಕಟ್ಟಿಸಿ, ಮೇಲೆ ಚಪ್ಪಡಿ ಹಾಸಿ ಮಟ್ಟಗೋಲಿನಿಂದ ಸಮ ನೋಡಿಸಿ. ನಲ್ಲಿಯ ಕೆಳಗೆ ಬಕೆಟ್ ಹಿಡಿಯಲು ಅಷ್ಟು ಎತ್ತರ ಬೇಕೇ ಬೇಕು. ಆದರೆ ಆ ಎತ್ತರದಿಂದ ಹನಿ ನೀರಾವರಿಯ ಪೈಪಿಗೆ ಬೇಕಾದ ಒತ್ತಡ ಬರುವುದಿಲ್ಲ, ಆದ್ದರಿಂದ ಬಕೆಟ್ಟು, ಚೊಂಬುಗಳನ್ನೇ ನಂಬಿಕೊಳ್ಳಿ. ನಲ್ಲಿಯನ್ನು ತಳದಿಂದ ನಾಲ್ಕು ಅಂಗುಲ ಮೇಲೆ ಕೂರಿಸಿದರೆ ಕೆಸರು ಕೆಳಗೇ ಉಳಿಯುತ್ತದೆ. ಜೊತೆಗೆ ಸುಮಾರು 25 ಲೀಟರ್ ನೀರು ಯಾವಾಗಲೂ ತಳದಲ್ಲಿದ್ದು ಡ್ರಮ್ಮಿಗೆ ಭಾರ ಕೊಡುತ್ತದೆ. ಬೆಟ್ಟಗಳ ಮೇಲೆ ಗಾಳಿಯಂತ್ರಗಳು ತಿರುಗುವ ಊರು ನಮ್ಮದು; ಆಷಾಢದ ಗಾಳಿಗೆ ಖಾಲಿ ಡ್ರಮ್ಮು ಉರುಳಿಹೋಗುವುದು ಹೊಸದೇನಲ್ಲ.

ನೀರು ಹಸಿರಾಗಲು ಬೆಳಕೇ ಕಾರಣ. ತೆಳು ನೀಲಿ ಪ್ಲಾಸ್ಟಿಕ್ಕಿನೊಳಗೆ ಬಿಸಿಲು ನುಸುಳಿ ಪಾಚಿ ಬೆಳೆಯುತ್ತದೆ, ಆದ್ದರಿಂದ ಹೊರಮೈಗೆ ಗಾಢ ಬಣ್ಣ ಬಳಿಸಿ ಅಥವಾ ಗೋಣಿತಾಟು ಸುತ್ತಿ. ವಾಸನೆಗೆ ಕಾರಣ ತಾರಸಿಯಿಂದ ಬಂದ ಎಲೆ, ದೂಳು, ಹಕ್ಕಿಯ ಹಿಕ್ಕೆ. ಭರಣಿ ಮಳೆಗೆ ಮುಂಚೆ ತಾರಸಿ ಗುಡಿಸಿ, ಬಹುಕಾಲದ ಬಿಸಿಲಿನ ನಂತರದ ಮೊದಲ ಮಳೆಯ ನೀರನ್ನು ಡ್ರಮ್ಮಿಗೆ ಬಿಡದೆ ಹೊರಗೆ ಹರಿಸಿ. ಇದಕ್ಕಾಗಿ ಇಳಿಯುವ ಪೈಪಿಗೆ ಒಂದು ‘ಟಿ’ ಜೋಡಿಸಿ, ಬೇಕಾದಾಗ ತೆಗೆದು ಹಾಕುವ ಮುಚ್ಚಳ ಇಟ್ಟುಕೊಂಡರೆ ಸಾಕು. ಗಿಡಗಳಿಗೆ ಹಾಕುವ ನೀರಿಗೆ ದುಬಾರಿ ಫಿಲ್ಟರು ಕೊಳ್ಳುವ ಅಗತ್ಯ ನಮಗಂತೂ ಕಾಣುವುದಿಲ್ಲ.

ಸೊಳ್ಳೆಯ ವಿಷಯವನ್ನು ಮಾತ್ರ ಹಗುರವಾಗಿ ಎಣಿಸಬೇಡಿ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ಇಂಥ ತಿಳಿನೀರಿನಲ್ಲೇ, ಮತ್ತು ಬಿಸಿ ಹವೆಯಲ್ಲಿ ಮೊಟ್ಟೆಯಿಂದ ಸೊಳ್ಳೆಯಾಗಲು ಒಂದು ವಾರದಿಂದ ಹತ್ತು ದಿನ ಸಾಕು. ಮುಚ್ಚಳದಲ್ಲಿ ನೀರು ಬೀಳುವ ತೂತಿಗೂ ಹೆಚ್ಚುವರಿ ನೀರಿನ ಪೈಪಿನ ಬಾಯಿಗೂ ಒಂದು ಮಿಲಿಮೀಟರಿಗಿಂತ ಸಣ್ಣ ಕಣ್ಣಿನ ಜಾಲರಿಯನ್ನು ಬಿಗಿಯಾಗಿ ಕಟ್ಟಿ. ಈ ಸೊಳ್ಳೆಯ ಮೊಟ್ಟೆಗಳು ನೀರಿನ ಅಂಚಿನ ಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಒಣಗಿದ್ದರೂ ಸಾಯದೆ, ಮತ್ತೆ ನೀರು ಮುಟ್ಟಿದಾಗ ಒಡೆಯುತ್ತವೆ. ಹಾಗಾಗಿ ಚಿತ್ತೆ ಮಳೆ ಮುಗಿದು ಡ್ರಮ್ಮು ಬರಿದಾದ ಮೇಲೆ ಒಳಮೈಯನ್ನು ತೆಂಗಿನ ನಾರಿನಿಂದ ಗಟ್ಟಿಯಾಗಿ ಉಜ್ಜಿ ತೊಳೆದು ಬೋರಲು ಹಾಕಬೇಕು.

ಇನ್ನು ತುಂಬಿ ಹರಿಯುವ ನೀರು. ಡ್ರಮ್ಮಿಗಿಂತ ಮುಖ್ಯವಾದದ್ದು ಇದೇ ಎಂಬುದು ನಮ್ಮ ಅಭಿಪ್ರಾಯ, ಏಕೆಂದರೆ ನಿಮ್ಮ ತಾರಸಿಯ ಹಿಂಬದಿಯಿಂದ ವರ್ಷಕ್ಕೆ 20 ಸಾವಿರ ಲೀಟರಿನಷ್ಟು ನೀರು ಇಳಿಯುತ್ತದೆ, ಡ್ರಮ್ಮಿನಲ್ಲಿ ನಿಲ್ಲುವುದು ಅದರ ಒಂದು ಪಾಲು ಮಾತ್ರ. ನಿಮ್ಮೂರಿನ ಕೋಟೆಯನ್ನೇ ನೋಡಿ: ಮೇಲಿನ ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ-ತಂಗಿ ಹೊಂಡಕ್ಕೂ, ಅಲ್ಲಿಂದ ಕೆಳಗಿನ ಸಿಹಿನೀರು ಹೊಂಡ, ಸಂತೆಹೊಂಡಗಳಿಗೂ ಇಳಿಯುವಂತೆ ನಮ್ಮ ಹಿರಿಯರು ದಾರಿ ಮಾಡಿದ್ದರು. ಹಿತ್ತಲಿನಲ್ಲೂ ಹಾಗೆಯೇ ಆಗಬೇಕು. ನೀರು ಬರುವ ಪೈಪು ಎಷ್ಟು ದಪ್ಪವೋ ಅಷ್ಟೇ ದಪ್ಪದ ಪೈಪನ್ನು ಡ್ರಮ್ಮಿನ ಕಂಠದ ಬಳಿ ಜೋಡಿಸಿ, ಗೋಡೆಯಿಂದ ಹತ್ತು ಅಡಿಯಾದರೂ ದೂರ ಒಯ್ದು, ದಪ್ಪ ಜಲ್ಲಿ ತುಂಬಿದ ಇಂಗುಗುಂಡಿಗೆ ಬಿಡಿ. ಆಗ ಪಾಯದ ಮಣ್ಣು ಉಳಿಯುತ್ತದೆ, ನೀರು ನೆಲ ಸೇರುತ್ತದೆ. ಕೊಳವೆಬಾವಿಗೇ ನೀರು ಇಂಗಿಸುವ ಆಸೆಯಿದ್ದರೆ ಅದು ಬೇರೆಯದೇ ಕೆಲಸ. ಸೋಸದ ನೀರನ್ನು ನೇರವಾಗಿ ಕೇಸಿಂಗ್ ಪೈಪಿನೊಳಗೆ ಬಿಡುವ ತಪ್ಪು ಮಾಡದೆ ತಿಳಿದವರಿಂದಲೇ ಮಾಡಿಸಿ.

ಕುಂಡಗಳ ಬಿಳಿ ಪದರ ಕೊಳವೆಬಾವಿ ನೀರಿನ ಲವಣ. ಮೊದಲ ಡ್ರಮ್ಮು ತುಂಬಿದ ದಿನ ಪ್ರತಿ ಕುಂಡಕ್ಕೂ ತಳದ ತೂತಿನಿಂದ ನೀರು ಸುರಿದುಹೋಗುವವರೆಗೆ ಮಳೆನೀರು ಹಾಕಿದರೆ, ಮಣ್ಣಿನಲ್ಲಿ ಕೂಡಿದ ಲವಣ ಬಹುಮಟ್ಟಿಗೆ ತೊಳೆದುಹೋಗುತ್ತದೆ. ಸುಟ್ಟ ತುದಿ ಮತ್ತೆ ಹಸಿರಾಗದು, ಆದರೆ ಅನಂತರ ಬರುವ ಚಿಗುರಿನಲ್ಲಿ ವ್ಯತ್ಯಾಸ ಕಾಣುತ್ತದೆ.

ಪ್ರಶ್ನೆ: ನಮ್ಮ ಊರಿನ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಇದೆ. ಗಿಡಗಳಿಗೆಂದು ಡ್ರಮ್ಮಿನಲ್ಲಿ ಹಿಡಿದ ಮಳೆನೀರನ್ನು ಕುದಿಸಿ ಕುಡಿಯಬಹುದೇ?
– ಓದುಗರೊಬ್ಬರು, ಜಗಳೂರು ತಾಲ್ಲೂಕು

ಉತ್ತರ: ಮಳೆನೀರಿನಲ್ಲಿ ಫ್ಲೋರೈಡ್ ಅತ್ಯಲ್ಪ, ಕೊಳವೆಬಾವಿ ನೀರನ್ನು ಎಷ್ಟು ಕುದಿಸಿದರೂ ಅದರ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಸಾಂದ್ರತೆ ಏರುತ್ತದೆ. ಆದ್ದರಿಂದ ನಿಮ್ಮ ಯೋಚನೆಯ ದಿಕ್ಕು ಸರಿಯಾಗಿದೆ. ಆದರೆ ಹಿತ್ತಲಿನ ಡ್ರಮ್ಮಿನ ನೀರನ್ನು ಕುಡಿಯಬೇಡಿ. ಕುದಿಸಿದರೆ ರೋಗಾಣು ಸಾಯಬಹುದು, ಹಳೆಯ ಡ್ರಮ್ಮಿನ ಅಥವಾ ತಾರಸಿಯ ಬಣ್ಣದ ಅಂಶ ಸಾಯುವುದಿಲ್ಲ. ಕುಡಿಯುವುದಕ್ಕೆ ಶುಚಿಯಾದ ತಾರಸಿ, ಮರಳು-ಜಲ್ಲಿಯ ಸೋಸುಗುಂಡಿ ಮತ್ತು ಬೆಳಕು ಬೀಳದ ಮುಚ್ಚಿದ ತೊಟ್ಟಿಯನ್ನು ಬೇರೆಯಾಗಿಯೇ ಕಟ್ಟಿಸಿ, ಆ ನೀರನ್ನು ಪರೀಕ್ಷೆ ಮಾಡಿಸಿ, ಕುದಿಸಿ ಬಳಸಿ. ನಾಲ್ಕು ಜನರಿಗೆ ಕುಡಿಯಲು, ಅಡುಗೆಗೆ ದಿನಕ್ಕೆ 20 ಲೀಟರ್ ಎಂದು ಹಿಡಿದರೆ ವರ್ಷಕ್ಕೆ 7,300 ಲೀಟರ್ ಆಗುತ್ತದೆ. ಸಾಧಾರಣ ಮಳೆಯ ವರ್ಷದಲ್ಲಿ 300 ಚದರ ಅಡಿ ತಾರಸಿಯಿಂದಲೂ ಅಷ್ಟು ನೀರು ದೊರೆಯುತ್ತದೆ. ಅದು ಸಿದ್ಧವಾಗುವವರೆಗೆ ಕೊಳವೆಬಾವಿ ನೀರಿನ ಪರೀಕ್ಷಾ ವರದಿ ನೋಡಿಕೊಳ್ಳಿ. ಲೀಟರಿಗೆ 1.5 ಮಿಲಿಗ್ರಾಂ ಮೀರಿ ಫ್ಲೋರೈಡ್ ಇದ್ದರೆ ಮಕ್ಕಳಿಗೆ ಆ ನೀರನ್ನು ಕೊಡುವುದನ್ನು ಇಂದೇ ನಿಲ್ಲಿಸಿ, ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನಿನಲ್ಲಿ ತನ್ನಿ.