ಎಲ್ಲರೂ ಸಮಾನ ಅಂತ ನಂಬುವ ನನ್ನೊಳಗೆ ನನಗೇ ಗೊತ್ತಿಲ್ಲದ ಪೂರ್ವಗ್ರಹ ಇರಬಹುದಾ?

ಒಳಗಿನ ಪೂರ್ವಗ್ರಹ ಅಳೆಯುವ ಆನ್‌ಲೈನ್ ಪರೀಕ್ಷೆ ನಿಮ್ಮಲ್ಲೂ ಅದು ಇದೆ ಅಂದಿತು, ನಿಮಗೆ ನಂಬಿಕೆ ಬರುತ್ತಿಲ್ಲ, ಅಲ್ವಾ? ನಾನೂ ಹೀಗೇ ಇದ್ದೆ.

ಶಿರಸಿಯ ಒಂದು ಅಡಿಕೆ ವಖಾರಿಯಲ್ಲಿ ಎಂಟು ವರ್ಷ ಚೀಲ ನೋಡುವ ಕೆಲಸ ನನ್ನದು. ಒಂದು ದಿನ ಯಲ್ಲಾಪುರ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದವರೊಬ್ಬರು ನಾಲ್ಕು ಚೀಲ ಚಾಲಿ, ಅಂದರೆ ಬಿಸಿಲಲ್ಲಿ ಒಣಗಿಸಿದ ಅಡಿಕೆ, ತಂದರು. "ಯಾರ ತೋಟದ್ದು?" ಅಂದೆ. "ನಂದೇ, ಹೆಗಡೇರೆ" ಅಂದರು. ನಾಲ್ಕೂ ಚೀಲ ನೆಲಕ್ಕೆ ಸುರಿಸಿ, ಅಡಕತ್ತರಿಯಲ್ಲಿ ಒಡೆದು ನೋಡಿದೆ. ಚಿನ್ನದಂಥ ಮಾಲು.

ಅದೇ ಮಧ್ಯಾಹ್ನ ನಮ್ಮ ಸೋದರಮಾವನ ಆರು ಚೀಲ ಬಂತು. ಚಹಾ ಕುಡಿಯುತ್ತಲೇ ಮೇಲಿನ ಒಂದು ಮುಷ್ಟಿ ನೋಡಿ ಬರೆದುಕೊಂಡೆ. ಚಾಲಿಗೆ ಒಂದೂವರೆ ತಿಂಗಳ ಬಿಸಿಲು ಬೇಕು. ಮಾವನ ಚೀಲದ ತಳದ ಅಡಿಕೆ ಅಷ್ಟು ಬಿಸಿಲು ಕಂಡಿರಲಿಲ್ಲ. ಬೂಷ್ಟು ಹಿಡಿಯಿತು. ಧಣಿ ನನ್ನ ಸಂಬಳದಲ್ಲಿ ಮುರಿದುಕೊಂಡರು.

ಮಾವನ ಚೀಲ ನೋಡದ್ದೇ ತಪ್ಪು ಅಂದುಕೊಂಡಿರಾ? ಅಲ್ಲ. ತಪ್ಪು ಆ ಪ್ರಶ್ನೆ. "ಯಾರ ತೋಟದ್ದು" ಅಂತ ನಾನು ಬೇರೆ ಯಾರನ್ನೂ ಕೇಳಿದವನಲ್ಲ. ಭಟ್ಟರ ಚೀಲ ಅಂದರೆ ಭಟ್ಟರ ತೋಟದ್ದೇ. ಸಿದ್ದಿಯವರದ್ದಾದರೆ ಕೂಲಿಗೆ ಹೋದ ಮನೆಯದ್ದಿರಬೇಕು, ಇಲ್ಲಾ ಕದ್ದದ್ದು. ಕದ್ದದ್ದು ಅನ್ನುವ ಶಬ್ದ ನನ್ನ ತಲೆಗೆ ಬಂದಿರಲೇ ಇಲ್ಲ, ಆಣೆ ಮಾಡುತ್ತೇನೆ. ಆದರೆ ಪ್ರಶ್ನೆಯೊಳಗೆ ಅದೇ ಇತ್ತು. ಅವರಿಗೆ ಕೇಳಿಸಿತು, ನನಗೆ ಕೇಳಿಸಲಿಲ್ಲ. ಅವರು ಸುಮ್ನೆ ತುಂಬಿಕೊಂಡು ಹೋದರು. ಮತ್ತೆ ಬರಲಿಲ್ಲ.

ಆಮೇಲೆ ನನ್ನ ನೋಟ್‌ಬುಕ್ ತೆಗೆದೆ. ಪೂರ್ತಿ ಸುರಿದು ನೋಡಿದ ಚೀಲಕ್ಕೆ ಚಿಕ್ಕ ಗೀಟು ಹಾಕುವ ರೂಢಿ. ಗೀಟು ಇದ್ದ ಹೆಸರುಗಳಲ್ಲಿ ನಮ್ಮವರು ಒಬ್ಬರೂ ಇಲ್ಲ. ಅಕ್ಷರ ನನ್ನದೇ.

ಹಾಗಾಗಿ "ನನಗೇ ಗೊತ್ತಿಲ್ಲದ" ಅನ್ನುವ ನಿಮ್ಮ ಮಾತನ್ನೇ ನಾನು ಒಪ್ಪುವುದಿಲ್ಲ. 2014ರಲ್ಲಿ ಮನಶ್ಶಾಸ್ತ್ರಜ್ಞ ಆ್ಯಡಮ್ ಹಾನ್ ಮತ್ತು ಸಂಗಡಿಗರು, ಇಂಥ ಪರೀಕ್ಷೆಗೆ ಮೊದಲೇ ನಿಮ್ಮ ಫಲಿತಾಂಶ ಏನು ಬರಬಹುದು ಅಂತ ಜನರನ್ನು ಕೇಳಿದ್ದರು. ಜನ ಬಹುಮಟ್ಟಿಗೆ ಸರಿಯಾಗಿಯೇ ಊಹಿಸಿದ್ದರು. ಗೊತ್ತಿರುತ್ತದೆ ಮಾರಾಯ್ರೆ, ಕೇಳಿಕೊಳ್ಳುವುದಿಲ್ಲ ಅಷ್ಟೇ. ಪರೀಕ್ಷೆಯನ್ನು ಜಾಸ್ತಿ ಹಚ್ಚಿಕೊಳ್ಳಬೇಡಿ. ಅದು ಅಳೆಯುವುದು ಬಟನ್ ಒತ್ತುವ ವೇಗ, ಇವತ್ತಿನ ಅಂಕ ನಾಳೆ ಬೇರೆ ಬರಬಹುದು. ಯಾರಿಗೆ ಯಾವ ಪ್ರಶ್ನೆ ಕೇಳುತ್ತೀರಿ ಅಂತ ಒಂದು ತಿಂಗಳು ಬರೆದಿಡಿ.

ನಾನು ಮನಸ್ಸು ತಿದ್ದಲು ಹೋಗಲಿಲ್ಲ, ಕೆಲಸದ ಕ್ರಮ ಬದಲಿಸಿದೆ. ಹೆಸರು ಕೇಳುವ ಮೊದಲೇ ಎಲ್ಲರ ಚೀಲ ಸುರಿಯುವುದು. ಮುಂದಿನ ಸಲ ಮಾವ ಬಂದಾಗ "ನಂದೂ ಸುರೀತ್ಯಾ ತಮಾ?" ಅಂದರು. ಸುರಿದೆ. ಆ ವರ್ಷ ಮದುವೆಮನೆಯಲ್ಲೂ ಮಾತಾಡಿಸಲಿಲ್ಲ.