ಸಂಪಾದಕರ ಉತ್ತರ: ಹೊಡೆದವರ ಹೆಸರಿಗಿಂತ ಮೊದಲು ಹೇಳಿದವರ ಹೆಸರು

ಸೇಡಂ ತಾಲ್ಲೂಕಿನ ಓದುಗರೊಬ್ಬರು ನಮಗೆ ಮೂರು ಪುಟಗಳ ಪತ್ರ ಬರೆದಿದ್ದಾರೆ. ಕಲಬುರಗಿಯಲ್ಲಿ ಪದವಿ ಓದುತ್ತಿರುವ ಅವರ ಮಗಳು, ವಿದ್ಯಾರ್ಥಿವೇತನ ತಿಂಗಳುಗಟ್ಟಲೆ ಬಾರದಿದ್ದುದಕ್ಕೆ ಸಹಪಾಠಿಗಳೊಂದಿಗೆ ಕಚೇರಿಯೊಂದರ ಮುಂದೆ ಧರಣಿ ಕುಳಿತಿದ್ದಾಗ ಪೊಲೀಸರು ಲಾಠಿ ಬೀಸಿ ಎಬ್ಬಿಸಿದರಂತೆ. ಬಲ ಮುಂಗೈ ಊದಿಕೊಂಡು ಎಂಟು ದಿನ ಅವಳಿಗೆ ಪೆನ್ನು ಹಿಡಿಯಲಾಗಲಿಲ್ಲವಂತೆ. “ಕುಂತವರಿಗಿ ಹೊಡ್ಯಾದು ಯಾವ ಕಾಯ್ದಾದಾಗ ಅದ ರೀ?” ಎಂಬುದು ಅವರ ಮೊದಲ ಪ್ರಶ್ನೆ. ಅಮೆರಿಕದಲ್ಲಿ ಧರಣಿ ಕುಳಿತ ವಿದ್ಯಾರ್ಥಿಗಳ ಮುಖಕ್ಕೆ ಖಾರದ ದ್ರಾವಣ ಸಿಂಪಡಿಸಿದ (ಅದರ ವಿಡಿಯೊವನ್ನು ಮಗಳು ತೋರಿಸಿದ್ದಾಳಂತೆ) ಅಧಿಕಾರಿಯ ನೌಕರಿಯೇ ಹೋಯಿತು, ಇಲ್ಲಿ ಏಕೆ ಹೋಗುವುದಿಲ್ಲ ಎಂಬುದು ಎರಡನೆಯದು. ಜೊತೆಗೆ ಪೇದೆಯೊಬ್ಬರ ಫೋಟೊ ಕಳಿಸಿ, ಹೆಸರು ಸಹಿತ ಅಚ್ಚು ಹಾಕಬೇಕೆಂದು ಕೋರಿದ್ದಾರೆ.

ಮಾನ್ಯರೇ,

ಫೋಟೊ ಅಚ್ಚು ಹಾಕುವುದಿಲ್ಲ. ಅದರಲ್ಲಿ ಕಾಣುವುದು ಎತ್ತಿದ ಲಾಠಿ ಮತ್ತು ಅರ್ಧ ಮುಖ ಮಾತ್ರ; ಆ ಲಾಠಿ ಯಾರ ಮೇಲೆ ಬಿತ್ತು, ಬಿತ್ತೋ ಇಲ್ಲವೋ, ಅದರಿಂದ ತಿಳಿಯುವುದಿಲ್ಲ. ಇನ್ನೊಂದು ಮಾತು. ಬಂದೋಬಸ್ತಿಗೆಂದು ಬೆಳಗಿನಿಂದ ಬಿಸಿಲಲ್ಲಿ ನಿಂತ ಆ ಹುಡುಗ ಜೇವರ್ಗಿಯದೋ ಅಫಜಲಪುರದ್ದೋ ಒಕ್ಕಲು ಮನೆಯಿಂದ ಬಂದವನಿರಬಹುದು, ಮೂರು ವರ್ಷದ ಹಿಂದೆ ತಾನೂ ಇಂಥದೇ ವಿದ್ಯಾರ್ಥಿವೇತನಕ್ಕೆ ಕಾದವನಿರಬಹುದು. ಅವನು ಹೊಡೆದಿದ್ದರೆ ಅದು ಕ್ಷಮ್ಯವೆಂದು ನಾನು ಹೇಳುತ್ತಿಲ್ಲ. ಅವನ ಒಬ್ಬನ ಹೆಸರು ಅಚ್ಚಾದ ಕೂಡಲೇ ಅವನ ಹಿಂದೆ ನಿಂತಿದ್ದವರೆಲ್ಲರೂ ನಿರಾಳವಾಗಿ ಉಸಿರು ಬಿಡುತ್ತಾರೆ ಎಂಬುದು ನನ್ನ ಅಳುಕು.

ತಮ್ಮ ಮೊದಲ ಪ್ರಶ್ನೆಗೆ ಕಾಯ್ದೆಯಲ್ಲೇ ಉತ್ತರವಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 148ನೇ ಕಲಮು (ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 129) ಗುಂಪು ಚದುರಿಸುವ ಅಧಿಕಾರವನ್ನು ಕುರಿತದ್ದು. ಅದರಂತೆ ಚದುರಿರೆಂದು ಆಜ್ಞೆ ಮಾಡಬಲ್ಲವರು ಮೂವರು: ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರು, ಠಾಣಾಧಿಕಾರಿ, ಠಾಣಾಧಿಕಾರಿ ಇಲ್ಲದಾಗ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ. ಆ ಗುಂಪಾದರೂ ಕಾನೂನುಬಾಹಿರ ಕೂಟವಾಗಿರಬೇಕು, ಇಲ್ಲವೇ ಐದು ಅಥವಾ ಹೆಚ್ಚು ಜನ ಸೇರಿದ್ದು ಶಾಂತಿಭಂಗಕ್ಕೆ ಕಾರಣವಾಗುವಂತಿರಬೇಕು. ಆಜ್ಞೆಯಾದ ಮೇಲೂ ಕದಲದಿದ್ದರೆ, ಅಥವಾ ಕದಲುವುದಿಲ್ಲವೆಂಬ ಹಟ ನಡತೆಯಲ್ಲೇ ಕಂಡರೆ, ಆಗ ಬಲಪ್ರಯೋಗ. ಪೇದೆಗೆ ಸ್ವಂತವಾಗಿ ಈ ಆಜ್ಞೆ ಕೊಡುವ ಅಧಿಕಾರವೇ ಇಲ್ಲ. ಆದ್ದರಿಂದ ಪ್ರತಿಯೊಂದು ಲಾಠಿ ಪ್ರಹಾರಕ್ಕೂ ಒಬ್ಬ ಕರ್ತೃ ಇರಲೇಬೇಕು. ಅವರು ಯಾರು, ಎಷ್ಟು ಗಂಟೆಗೆ ಹೇಳಿದರು, ಯಾವ ಮಾತಿನಲ್ಲಿ ಹೇಳಿದರು, ಎದ್ದುಹೋಗಲು ಎಷ್ಟು ಹೊತ್ತು ಬಿಟ್ಟರು ಎಂಬ ಪ್ರಶ್ನೆಗಳಿಗೆ ಉತ್ತರ ದಾಖಲೆಯಲ್ಲಿ ಸಿಗದಿದ್ದರೆ, ಆ ಪ್ರಹಾರ ಕಾಯ್ದೆಯ ಯಾವ ಆಸರೆಯ ಮೇಲೆ ನಿಂತಿದೆ ಎಂದು ಕೇಳುವ ಹಕ್ಕು ತಮಗಿದೆ.

ಇಲ್ಲಿ ನಮ್ಮದೂ ಒಂದು ತಪ್ಪೊಪ್ಪಿಗೆ. ಇಂಥ ಘಟನೆಗಳನ್ನು ಪತ್ರಿಕೆಗಳವರು ‘ಲಘು ಲಾಠಿ ಪ್ರಹಾರ’ ಎಂದು ಬರೆಯುತ್ತೇವೆ; ನಮ್ಮ ಪತ್ರಿಕೆಯೂ ಬರೆದಿದೆ. ಪ್ರಹಾರವನ್ನು ತೂಗಿ ಲಘುವೆಂದವರು ಯಾರು? ಪೊಲೀಸ್ ಪ್ರಕಟಣೆಯಿಂದ ಬಂದ ಪದವನ್ನು ವರದಿಗಾರ ಹಾಗೆಯೇ ಇಳಿಸಿಕೊಳ್ಳುತ್ತಾನೆ, ಸಂಪಾದಕ ಹಾಗೆಯೇ ಬಿಡುತ್ತಾನೆ. 148ನೇ ಕಲಮಿನಲ್ಲಿ ಲಘು, ಗುರು ಎಂಬ ಭೇದವಿಲ್ಲ. ಪೆಟ್ಟು ತಿಂದವರ ಮುಂಗೈಯನ್ನು ಕೇಳದೆ ಆ ವಿಶೇಷಣವನ್ನು ಇನ್ನು ಮುಂದೆ ಬಳಸಬಾರದೆಂದು ನಮ್ಮ ವರದಿಗಾರರಿಗೆ ಹೇಳಿದ್ದೇನೆ.

ಕುಳಿತವರೆಲ್ಲ ನಿರ್ದೋಷಿಗಳು ಎಂಬ ತಮ್ಮ ನಿಲುವನ್ನು ಮಾತ್ರ ಪೂರ್ತಿ ಒಪ್ಪಲಾರೆ. ಸಂವಿಧಾನದ 19(1)(ಬಿ) ವಿಧಿ ನಿಶ್ಶಸ್ತ್ರವಾಗಿ, ಶಾಂತಿಯುತವಾಗಿ ಸೇರುವ ಹಕ್ಕನ್ನು ಕೊಟ್ಟಿದೆ, ಅದಕ್ಕೆ ನ್ಯಾಯೋಚಿತ ನಿರ್ಬಂಧಗಳನ್ನೂ ಇಟ್ಟಿದೆ. ಸಾರ್ವಜನಿಕ ರಸ್ತೆಯನ್ನು ಅನಿರ್ದಿಷ್ಟ ಕಾಲ ಆಕ್ರಮಿಸಿಕೊಳ್ಳಲಾಗದೆಂದು ಸುಪ್ರೀಂ ಕೋರ್ಟ್ 2020ರ ಅಕ್ಟೋಬರಿನಲ್ಲಿ ಶಾಹೀನ್ ಬಾಗ್ ಪ್ರಕರಣದಲ್ಲಿ ಹೇಳಿದೆ. ತಮ್ಮ ಮಗಳು ಮತ್ತು ಗೆಳತಿಯರು ಕಚೇರಿಯ ಬಾಗಿಲು ಕಟ್ಟಿ ಕುಳಿತಿದ್ದರೋ, ಬದಿಯಲ್ಲಿ ಕುಳಿತಿದ್ದರೋ ಪತ್ರದಲ್ಲಿ ಇಲ್ಲ. ಬಾಗಿಲು ಕಟ್ಟಿದ್ದರೆ ಅವರನ್ನು ಎತ್ತಿ ವ್ಯಾನಿಗೆ ಹತ್ತಿಸಲು ಪೊಲೀಸರಿಗೆ ಅಧಿಕಾರವಿತ್ತು. ಎತ್ತಬಹುದಾದವರನ್ನು ಹೊಡೆದದ್ದೇಕೆ ಎಂಬ ಪ್ರಶ್ನೆ ಆಗಲೂ ಉಳಿಯುತ್ತದೆ.

ಇನ್ನು ಅಮೆರಿಕದ ಮಾತು. ತಮ್ಮ ಮಗಳು ತೋರಿಸಿದ್ದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಆವರಣದಲ್ಲಿ 2011ರ ನವೆಂಬರ್ 18ರಂದು ನಡೆದ ಘಟನೆಯ ವಿಡಿಯೊ. ಕೈಗೆ ಕೈ ಹೆಣೆದು ನೆಲದ ಮೇಲೆ ಕುಳಿತ ವಿದ್ಯಾರ್ಥಿಗಳ ಸಾಲಿನ ಉದ್ದಕ್ಕೂ, ಲೆಫ್ಟಿನೆಂಟ್ ಜಾನ್ ಪೈಕ್ ಎಂಬ ಆವರಣದ ಪೊಲೀಸ್ ಅಧಿಕಾರಿ, ಹೊಲಕ್ಕೆ ಎಣ್ಣೆ ಹೊಡೆಯುವವರಂತೆ ನಿಧಾನವಾಗಿ ನಡೆಯುತ್ತ ಸಿಂಪಡಿಸಿದರು. ನೌಕರಿ ಹೋಯಿತೆಂಬುದು ನಿಜ, 2012ರ ಜುಲೈನಲ್ಲಿ. ತಾವು ಕೇಳಿರದ ಉಳಿದ ಕಥೆಯೂ ಇದೆ. ಅಲ್ಲಿನ ಜಿಲ್ಲಾ ಸರ್ಕಾರಿ ವಕೀಲರು ಆ ಅಧಿಕಾರಿಯ ಮೇಲೆ ಕ್ರಿಮಿನಲ್ ಮೊಕದ್ದಮೆ ಹೂಡಲಿಲ್ಲ. ದಾವೆ ಹೂಡಿದ 21 ಮಂದಿಗೆ ತಲಾ 30,000 ಡಾಲರ್ ಸೇರಿ ಒಟ್ಟು 10 ಲಕ್ಷ ಡಾಲರಿನ ರಾಜಿಯಾಯಿತು. ಆ ಹೊರೆ ಹೊತ್ತದ್ದು ವಿಶ್ವವಿದ್ಯಾಲಯ. ಮರುವರ್ಷ, ಘಟನೆಯ ನಂತರ ತಾನು ಮಾನಸಿಕವಾಗಿ ಕುಗ್ಗಿದೆನೆಂದು ಅರ್ಜಿ ಹಾಕಿದ ಅದೇ ಪೈಕ್ ಅವರಿಗೆ 38,055 ಡಾಲರ್ ಕಾರ್ಮಿಕ ಪರಿಹಾರ ದೊರೆಯಿತು. ಸಿಂಪಡಿಸಿಕೊಂಡ ಒಬ್ಬೊಬ್ಬರಿಗೆ ಸಿಕ್ಕಿದ್ದಕ್ಕಿಂತ ಇದು ಹೆಚ್ಚು. ಅಂತರಜಾಲದಲ್ಲಿ ಕೆಟ್ಟ ಹೆಸರನ್ನು ತೊಳೆದುಕೊಳ್ಳಲು ವಿಶ್ವವಿದ್ಯಾಲಯ ಕನಿಷ್ಠ 1,75,000 ಡಾಲರ್ ಸುರಿದದ್ದು 2016ರಲ್ಲಿ ಬಯಲಾಯಿತು. ಅಲ್ಲಿಯ ನ್ಯಾಯವನ್ನು ಕಂಡು ನಾವು ಹೊಟ್ಟೆಕಿಚ್ಚು ಪಡಬೇಕಾದದ್ದೇನೂ ಇಲ್ಲ.

ಒಂದನ್ನು ಬಿಟ್ಟು. ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟಿನ ಮಾಜಿ ನ್ಯಾಯಮೂರ್ತಿ ಕ್ರೂಸ್ ರೆನೋಸೊ ಅವರ ನೇತೃತ್ವದ ಸಮಿತಿ ಐದೇ ತಿಂಗಳಲ್ಲಿ, 2012ರ ಏಪ್ರಿಲಿನಲ್ಲಿ, ತನ್ನ ವರದಿಯನ್ನು ಸಾರ್ವಜನಿಕರ ಮುಂದಿಟ್ಟಿತು. ಪೊಲೀಸರ ಸಂಘ ಕೋರ್ಟಿಗೆ ಹೋಗಿ ತಡೆಯಲು ನೋಡಿದರೂ ವರದಿ ಹೊರಬಂತು. ಇದು ತಪ್ಪಿಸಬಹುದಾಗಿದ್ದ, ತಪ್ಪಿಸಬೇಕಾಗಿದ್ದ ಘಟನೆ ಎಂದು ಅದು ನೇರವಾಗಿ ಹೇಳಿತು. ಬಳಸಿದ ದೊಡ್ಡ ಡಬ್ಬಿ ಆ ಪೊಲೀಸ್ ಇಲಾಖೆ ಅನುಮತಿಸಿದ ಸಾಧನವೇ ಆಗಿರಲಿಲ್ಲವೆಂದು ಬರೆಯಿತು. ಅಷ್ಟಕ್ಕೇ ನಿಲ್ಲದೆ, ಪ್ರತಿಭಟನಾಕಾರರು ಆವರಣದಲ್ಲಿ ಹಾಕಿದ್ದ ಡೇರೆಗಳನ್ನು ನಡುಹಗಲು ಮೂರು ಗಂಟೆಗೆ ತೆಗೆಸಬೇಕೆಂಬ ತೀರ್ಮಾನ ಯಾರದ್ದು, ಅದಕ್ಕೆ ಕಾನೂನಿನ ಆಧಾರ ಏನಿತ್ತು ಎಂದು ಕುಲಪತಿ ಲಿಂಡಾ ಕಟೇಹಿ ಅವರ ಮೇಜಿನವರೆಗೂ ಬೆರಳು ತೋರಿಸಿತು. ಡಬ್ಬಿ ಹಿಡಿದ ಕೈಯ ಹಿಂದೆ ಹೋಗಿ ನೋಡಿದ್ದು ಆ ವರದಿಯ ಹೆಚ್ಚುಗಾರಿಕೆ.

ನಮ್ಮಲ್ಲೂ ಇಂಥದ್ದು ನಡೆದೇ ಇಲ್ಲವೆಂದಲ್ಲ. 2011ರ ಜೂನ್ 4ರ ನಡುರಾತ್ರಿ ದೆಹಲಿಯ ರಾಮಲೀಲಾ ಮೈದಾನದಲ್ಲಿ ಬಾಬಾ ರಾಮದೇವ್ ಅವರ ಸತ್ಯಾಗ್ರಹಕ್ಕೆ ಬಂದು ಮಲಗಿದ್ದ ಜನರನ್ನು ಪೊಲೀಸರು ಎಬ್ಬಿಸಿ ಓಡಿಸಿದ ಪ್ರಕರಣವನ್ನು ಸುಪ್ರೀಂ ಕೋರ್ಟ್ ತಾನಾಗಿ ಕೈಗೆತ್ತಿಕೊಂಡು, 2012ರ ಫೆಬ್ರುವರಿ 23ರಂದು ತೀರ್ಪು ಕೊಟ್ಟಿತು. ಅತಿರೇಕ ಮಾಡಿದ ಪೊಲೀಸರ ಮೇಲೂ ಕಲ್ಲು ತೂರಿದ ಸತ್ಯಾಗ್ರಹಿಗಳ ಮೇಲೂ ಕ್ರಮವಾಗಬೇಕೆಂದಿತು. ಅಲ್ಲಿ ಗಾಯಗೊಂಡು ಮುಂದೆ ಮೃತಪಟ್ಟ ಮಹಿಳೆಯ ಕುಟುಂಬಕ್ಕೆ 5 ಲಕ್ಷ ರೂಪಾಯಿ ಪರಿಹಾರ ಗೊತ್ತುಮಾಡಿ, ಅದರಲ್ಲಿ ಕಾಲು ಭಾಗವನ್ನು ಸಂಘಟಕ ಟ್ರಸ್ಟಿನ ಮೇಲೆ ಹೊರಿಸಿತು. ನಮ್ಮ ಬೀದರನ್ನೇ ನೋಡಿ. 2020ರ ಆರಂಭದಲ್ಲಿ ಶಾಲಾ ನಾಟಕವೊಂದರ ಸಂಬಂಧವಾಗಿ ಪೊಲೀಸರು ಸಮವಸ್ತ್ರದಲ್ಲಿ, ಕೆಲವರು ಶಸ್ತ್ರ ಸಹಿತ, ಮಕ್ಕಳನ್ನು ಕೂರಿಸಿಕೊಂಡು ವಿಚಾರಿಸಿದ್ದು ಮೇಲುನೋಟಕ್ಕೆ ಬಾಲನ್ಯಾಯ ಕಾಯ್ದೆಯ ಉಲ್ಲಂಘನೆ ಎಂದು ಹೈಕೋರ್ಟ್ 2021ರಲ್ಲಿ ಹೇಳಿತು. ಮುಂದೆ 2023ರ ಜೂನಿನಲ್ಲಿ ರಾಜದ್ರೋಹದ ಆ ಮೊಕದ್ದಮೆಯನ್ನೇ ರದ್ದುಮಾಡಿದ್ದು ನಮ್ಮ ಕಲಬುರಗಿ ಪೀಠ. ಮಕ್ಕಳ ವಿಚಾರಣೆಯ ಛಾಯಾಚಿತ್ರಗಳು ಕೋರ್ಟಿನ ಮುಂದೆ ಇದ್ದುದರಿಂದ, ಅಲ್ಲಿ ನಡೆದದ್ದನ್ನು ಯಾರೂ ಅಲ್ಲಗಳೆಯುವಂತಿರಲಿಲ್ಲ.

ತಮ್ಮ ದಾರಿ ಸುಗಮವಾಗಿದೆ ಎಂದು ಹೇಳಿ ಮರುಳು ಮಾಡಲಾರೆ. ಗುಂಪು ಚದುರಿಸಿದ ಕೃತ್ಯಕ್ಕೆ ಸರ್ಕಾರದ ಪೂರ್ವಾನುಮತಿ ಇಲ್ಲದೆ ಮೊಕದ್ದಮೆ ನಡೆಯದೆಂದು ಸಂಹಿತೆಯ 151ನೇ ಕಲಮು ಹೇಳುತ್ತದೆ. ಕರ್ತವ್ಯದ ಹೆಸರಿನಲ್ಲಿ ಮಾಡಿದ ಕೃತ್ಯಕ್ಕೂ ಇಂಥದೇ ಅನುಮತಿ ಬೇಕೆನ್ನುವ ಕರ್ನಾಟಕ ಪೊಲೀಸ್ ಕಾಯ್ದೆಯ 170ನೇ ಕಲಮು ಇನ್ನೊಂದು ಬೇಲಿ. ಕರ್ತವ್ಯದ ಎಲ್ಲೆ ಮೀರಿದ ಕೃತ್ಯವಾದರೂ ಕರ್ತವ್ಯದೊಂದಿಗೆ ತಕ್ಕ ಸಂಬಂಧವಿದ್ದರೆ ಆ ರಕ್ಷಣೆ ತಪ್ಪುವುದಿಲ್ಲವೆಂದು, ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ನೇರವಾಗಿ ಖಾಸಗಿ ದೂರು ಹಾಕಿದರೆ ಈ ಬೇಲಿಯಲ್ಲಿ ಸಿಕ್ಕಿಕೊಳ್ಳುವ ಸಂಭವವೇ ಹೆಚ್ಚು.

ಹಾಗಾಗಿ ಕಾಗದದಿಂದ ಶುರುಮಾಡಿ. ಜಿಲ್ಲಾಸ್ಪತ್ರೆಯಲ್ಲಿ ಕೈ ತೋರಿಸಿದ ದಿನ ಎಂಎಲ್‌ಸಿ (ಪೊಲೀಸ್ ಪ್ರಕರಣಕ್ಕೆ ಬೇಕಾಗುವ ಗಾಯದ ವೈದ್ಯಕೀಯ ದಾಖಲೆ) ಮಾಡಿಸಿದ್ದರೆ ಅದರ ನಕಲು ತೆಗೆದುಕೊಳ್ಳಿ; ‘ಬಿದ್ದು ಗಾಯ’ ಎಂದು ಬರೆಸಿ ಬಂದಿದ್ದರೆ (ಹೆದರಿ ಹಾಗೆ ಬರೆಸಿದವರನ್ನು ನಾನು ಬಲ್ಲೆ) ಅದನ್ನು ನಮಗೆ ಈಗಲೇ ತಿಳಿಸಿ. ಸುತ್ತಲಿನ ಅಂಗಡಿ, ಕಚೇರಿಗಳ ಸಿಸಿಟಿವಿ ದೃಶ್ಯ ಕೆಲವೇ ವಾರಗಳಲ್ಲಿ ಅಳಿಸಿಹೋಗುತ್ತದೆ. ಅದನ್ನು ಕಾಯ್ದಿಡಬೇಕೆಂದು ಇಂದೇ ಲಿಖಿತವಾಗಿ ಕೋರಿ. ಆ ದಿನದ ಠಾಣಾ ದಿನಚರಿ, ಕಂಟ್ರೋಲ್ ರೂಮಿನ ದಾಖಲೆ, ಚದುರಿಸುವ ಆಜ್ಞೆಯ ಪ್ರತಿ ಇವುಗಳಿಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಕೊಡಿ. 30 ದಿನಗಳಲ್ಲಿ ಕೊಡಬೇಕು, ಇಲ್ಲವೇ ಏಕೆ ಕೊಡುವುದಿಲ್ಲವೆಂದು ಬರೆಯಬೇಕು. ನಂತರ ಪೊಲೀಸ್ ದೂರು ಪ್ರಾಧಿಕಾರ. ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರ ಸೆಪ್ಟೆಂಬರಿನಲ್ಲಿ ಕೊಟ್ಟ ನಿರ್ದೇಶನದಂತೆ ಡಿವೈಎಸ್ಪಿ ಮತ್ತು ಕೆಳಗಿನವರ ಮೇಲಿನ ದೂರು ಜಿಲ್ಲಾ ಪ್ರಾಧಿಕಾರಕ್ಕೆ, ಎಸ್ಪಿ ಮತ್ತು ಮೇಲಿನವರದ್ದು ರಾಜ್ಯ ಪ್ರಾಧಿಕಾರಕ್ಕೆ ಹೋಗಬೇಕು. ನಮ್ಮ ರಾಜ್ಯ 2012ರಲ್ಲಿ ಪೊಲೀಸ್ ಕಾಯ್ದೆ ತಿದ್ದಿ ಇವನ್ನು ತಂದಿತು. ಇವುಗಳ ಬಗ್ಗೆ ನಮ್ಮ ಭಾಗದಲ್ಲಿ ಕೇಳಿದವರೇ ಕಡಿಮೆ. ಎಲ್ಲಿಯೂ ಕೆಲಸವಾಗದಿದ್ದರೆ ಕಲಬುರಗಿ ಪೀಠದಲ್ಲಿ ರಿಟ್ ಅರ್ಜಿ ಇದ್ದೇ ಇದೆ.

ಅರ್ಜಿಯಲ್ಲಿ ಪೇದೆಯ ಹೆಸರನ್ನು ಬರೆಯಲೇಬೇಡಿ ಎಂದು ನಾನು ಹೇಳುವುದಿಲ್ಲ. ಮಗಳು ಕಣ್ಣಾರೆ ಕಂಡಿದ್ದರೆ ಬರೆಯಲಿ, ಆದರೆ ಎರಡನೆಯ ಸಾಲಿನಲ್ಲಿ. ಮೊದಲನೆಯ ಸಾಲು ‘ಚದುರಿಸಲು ಆಜ್ಞೆ ಕೊಟ್ಟ ಅಧಿಕಾರಿ ಯಾರು’ ಎಂದಿರಲಿ. ಅರ್ಜಿ ಸಲ್ಲಿಸಿದ ಸ್ವೀಕೃತಿಯ ಪ್ರತಿಯೊಂದನ್ನು ನಮಗೆ ಅಂಚೆಯಲ್ಲಿ ಕಳಿಸಿಕೊಡಿ. ಅದಕ್ಕೆ ಉತ್ತರ ಬಂದರೆ ಉತ್ತರವನ್ನು, ಬಾರದಿದ್ದರೆ ದಿನಗಳ ಲೆಕ್ಕವನ್ನು, ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ.

— ಸಂಪಾದಕ